ಪಕ್ಕದ ಮನೆಯ ನಾಯಿಯ ಹೊಲಸು: ಮನೆ ಮಾರುವವರು ಏನು ಮಾಡಬೇಕು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಮಾರಿ ನೋಡು ಎಂದು ಅವರು ಸೇರಿಸಲಿಲ್ಲ. ಆ ಕಾಲದಲ್ಲಿ ಮನೆ ಮಾರುವ ಪ್ರಸಂಗವೇ ಅಪರೂಪವಾಗಿದ್ದುದು ಇದಕ್ಕೆ ಕಾರಣವಿರಬಹುದು. ಇಂದಿನ ನಗರಜೀವನದಲ್ಲಿ ಅದು ಅಪರೂಪವಲ್ಲ. ಮಕ್ಕಳು ಬೇರೆ ಊರು ಸೇರಿದ್ದಾರೆ, ಮಹಡಿ ಹತ್ತಲು ಮಂಡಿ ಒಪ್ಪುತ್ತಿಲ್ಲ, ಸಾಲ ತೀರಿಸಬೇಕಿದೆ, ಅಣ್ಣತಮ್ಮಂದಿರ ಪಾಲು ಹಂಚಬೇಕಿದೆ. ಹೀಗೆ ನಾನಾ ಕಾರಣಗಳಿಂದ ಜನ ತಾವು ಬಾಳಿದ ಮನೆಯನ್ನು ಮಾರಾಟಕ್ಕಿಡುತ್ತಾರೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಮೈಸೂರಿನ ಒಂದು ಬಡಾವಣೆಯಲ್ಲಿ ಮೂವತ್ತು–ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆ. ನಿವೃತ್ತ ದಂಪತಿ ಅದನ್ನು ಮಾರಿ ಪುಣೆಯಲ್ಲಿರುವ ಮಗನ ಹತ್ತಿರ ಹೋಗಲು ನಿರ್ಧರಿಸಿದ್ದಾರೆ. ಗೋಡೆಗೆ ಹೊಸದಾಗಿ ಸುಣ್ಣಬಣ್ಣವಾಗಿದೆ, ಖಾತೆ, ಋಣಭಾರ ಪ್ರಮಾಣಪತ್ರ, ಕಂದಾಯದ ರಸೀದಿ ಎಲ್ಲವೂ ಕಡತದಲ್ಲಿ ಸಿದ್ಧವಾಗಿವೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಖರೀದಿಗೆ ಬಂದವರ ಕಾರು ಗೇಟಿನ ಮುಂದೆ ನಿಲ್ಲುತ್ತದೆ. ಕಾರಿನಿಂದ ಇಳಿದ ಗೃಹಿಣಿ ಮೊದಲ ಹೆಜ್ಜೆಯನ್ನಿಡುವುದು ರಂಗೋಲಿಯ ಪಕ್ಕದಲ್ಲೇ ಬಿದ್ದಿರುವ ನಾಯಿಯ ಮಲದ ಮೇಲೆ. ಆಕೆ ಏನೂ ಹೇಳುವುದಿಲ್ಲ. ಚಪ್ಪಲಿಯನ್ನು ಹೊರಗೇ ಬಿಟ್ಟು, ಮುಖ ಸಣ್ಣದು ಮಾಡಿಕೊಂಡು ಒಳಗೆ ಬರುತ್ತಾರೆ. ಹತ್ತು ನಿಮಿಷದಲ್ಲಿ ಮನೆ ನೋಡಿ ಮುಗಿಯುತ್ತದೆ. ‘ಯೋಚಿಸಿ ಹೇಳುತ್ತೇವೆ’ ಎಂದು ಹೋದವರು ಮತ್ತೆ ದೂರವಾಣಿ ಮಾಡುವುದಿಲ್ಲ.

ನಾಯಿ ಪಕ್ಕದ ಮನೆಯದು. ಇಪ್ಪತ್ತು ವರ್ಷ ಸಕ್ಕರೆ, ಕಾಫಿಪುಡಿ ಕೈಬದಲು ಮಾಡಿಕೊಂಡ ಮನೆ ಅದು. ಹೇಳಿದರೆ ಸ್ನೇಹ ಕೆಡುತ್ತದೆ, ಹೇಳದಿದ್ದರೆ ವ್ಯಾಪಾರ ಕೆಡುತ್ತದೆ. ಇಂಥ ಇಕ್ಕಟ್ಟಿನಲ್ಲಿ ಸಿಲುಕಿದವರು ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಕ್ರಮವಾಗಿ ನೋಡೋಣ.

ಇದು ಸಣ್ಣ ಸಂಗತಿಯಲ್ಲ

ನಾಯಿಯ ಮಲವೆಂಬುದು ನಗೆಗೆ ಈಡಾಗುವ ವಿಷಯ. ಆದರೆ ಮನೆ ಕೊಳ್ಳುವವರ ಮನಸ್ಸು ಬೇರೆ ರೀತಿಯಲ್ಲಿ ಲೆಕ್ಕ ಹಾಕುತ್ತದೆ. ಗೋಡೆಯ ಬಿರುಕನ್ನು ರಿಪೇರಿ ಮಾಡಿಸಬಹುದು, ನಲ್ಲಿಯನ್ನು ಬದಲಿಸಬಹುದು. ನೆರೆಹೊರೆಯನ್ನು ಬದಲಿಸಲಾಗುವುದಿಲ್ಲ. ಗೇಟಿನ ಮುಂದಿನ ಹೊಲಸನ್ನು ಕಂಡವರು ಬೀದಿಯ ಗುಣವನ್ನು ಅದರಿಂದಲೇ ಅಳೆಯುತ್ತಾರೆ. ಇಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇನೋ ಎಂಬ ಅನುಮಾನ ಒಮ್ಮೆ ಮೂಡಿದರೆ, ಒಳಗಿನ ಗ್ರಾನೈಟ್ ನೆಲವಾಗಲೀ ತೇಗದ ಬಾಗಿಲಾಗಲೀ ಅದನ್ನು ಅಳಿಸಲಾರವು.

ಆರೋಗ್ಯದ ಪ್ರಶ್ನೆಯೂ ಇದೆ. ಜಂತುನಿವಾರಕ ಔಷಧ ಹಾಕಿಸದ ನಾಯಿಯ ಮಲದಲ್ಲಿ ದುಂಡುಹುಳು ಮತ್ತು ಕೊಕ್ಕೆಹುಳುಗಳ ಮೊಟ್ಟೆಗಳಿರುವ ಸಂಭವ ಹೆಚ್ಚು. ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯಬಲ್ಲವು. ಮಣ್ಣಿನಲ್ಲಿ ಆಡಿ ಕೈ ತೊಳೆಯದೆ ಬಾಯಿಗಿಟ್ಟುಕೊಳ್ಳುವ ಮಕ್ಕಳಿಗೆ ಇದರಿಂದ ಅಪಾಯ. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕವೇ ಒಳಹೊಕ್ಕು ತುರಿಕೆಯ ಗೆರೆಗಳನ್ನು ಮೂಡಿಸುತ್ತವೆ. ಗಮನಿಸಬೇಕಾದ ಅಂಶವೆಂದರೆ, ದುಂಡುಹುಳುವಿನ ಮೊಟ್ಟೆಗಳು ಹೊರಬಿದ್ದ ಕೂಡಲೇ ಸೋಂಕು ತಗುಲಿಸುವುದಿಲ್ಲ. ಅವು ಮಣ್ಣಿನಲ್ಲಿ ಬಲಿಯಲು ಕೆಲವು ವಾರಗಳು ಬೇಕು. ಆದ್ದರಿಂದ ಮಲವನ್ನು ಅಂದಂದೇ ತೆಗೆದುಹಾಕಿದರೆ ಅಪಾಯದ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಬಿಟ್ಟರೆ ಮಳೆಗೆ ಕರಗಿ ಕಣ್ಣಿಗೆ ಕಾಣದಾಗುತ್ತದೆಯೇ ಹೊರತು ಮಣ್ಣಿನಿಂದ ಹೋಗುವುದಿಲ್ಲ.

ಹಸುವಿನ ಸಗಣಿಯಂತೆ ಇದೂ ಗೊಬ್ಬರವಾಗುತ್ತದೆ ಎಂದು ಗಿಡದ ಬುಡಕ್ಕೆ ತಳ್ಳುವವರುಂಟು. ಇದು ಸರಿಯಲ್ಲ. ಹಸು ಹುಲ್ಲು ತಿನ್ನುವ ಪ್ರಾಣಿ, ನಾಯಿ ಮಾಂಸಾಹಾರವನ್ನೂ ತಿನ್ನುವ ಪ್ರಾಣಿ. ಅದರ ಮಲದಲ್ಲಿರುವ ರೋಗಾಣುಗಳನ್ನು ಕೊಲ್ಲುವಷ್ಟು ಶಾಖ ಮನೆಯ ಗೊಬ್ಬರದ ಗುಂಡಿಯಲ್ಲಿ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಸೊಪ್ಪು, ಟೊಮೆಟೊ ಬೆಳೆಯುವ ಜಾಗಕ್ಕಂತೂ ಅದು ಸಲ್ಲದು.

ಮೊದಲು ನಾಯಿ ಯಾರದೆಂದು ತಿಳಿಯಿರಿ

ನಮ್ಮ ಬೀದಿಗಳಲ್ಲಿ ಸಾಕುನಾಯಿಗಳ ಜೊತೆಗೆ ಬೀದಿನಾಯಿಗಳೂ ಇವೆ. ಗೇಟಿನ ಮುಂದಿನ ಮಲ ಪಕ್ಕದ ಮನೆಯ ಲ್ಯಾಬ್ರಡಾರ್‌ನದೋ, ತಿರುವಿನಲ್ಲಿ ಮಲಗುವ ಕರಿಯನದೋ ಎಂಬುದನ್ನು ಖಚಿತಪಡಿಸಿಕೊಳ್ಳದೆ ಬಾಯಿಬಿಡುವುದು ಅವಿವೇಕ. ತಪ್ಪು ಆರೋಪ ಹೊರಿಸಿದರೆ, ಆಮೇಲೆ ಸರಿಯಾದ ಆರೋಪವನ್ನೂ ಯಾರೂ ಕೇಳುವುದಿಲ್ಲ.

ನಾಲ್ಕೈದು ದಿನ ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಮತ್ತು ಸಂಜೆ ಒಮ್ಮೆ ಗಮನಿಸಿ ನೋಡಿದರೆ ಸಾಕು, ವಿಷಯ ತಿಳಿಯುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬಹಳ ಸಲ ನಾಯಿಯನ್ನು ಹೊರಗೆ ಕರೆತರುವವರು ಮಾಲೀಕರಲ್ಲ, ಅವರು ನೇಮಿಸಿಕೊಂಡ ಹುಡುಗ ಅಥವಾ ಮನೆಗೆಲಸದವರು. ತಮ್ಮ ನಾಯಿ ಎಲ್ಲಿ ಕೂರುತ್ತದೆ ಎಂಬುದು ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಈ ಒಂದು ಸಂಗತಿ ತಿಳಿದರೆ ನಿಮ್ಮ ಸಿಟ್ಟಿನ ಅರ್ಧಭಾಗ ತಾನಾಗಿಯೇ ಇಳಿಯುತ್ತದೆ.

ಪಕ್ಕದಲ್ಲಿ ಖಾಲಿ ನಿವೇಶನವಿದ್ದು, ಇಡೀ ಬೀದಿಯ ನಾಯಿಗಳು ಅಲ್ಲಿಗೇ ಬರುತ್ತಿದ್ದರೆ ಸಮಸ್ಯೆಯ ಮೂಲ ನಾಯಿಯಲ್ಲ, ಪೊದೆ ಬೆಳೆದ ನಿವೇಶನ. ಆಗ ಮಾತಾಡಬೇಕಾದ್ದು ನಿವೇಶನದ ಮಾಲೀಕರೊಂದಿಗೆ. ಅವರು ಊರಿನಲ್ಲಿಲ್ಲದಿದ್ದರೆ ಪಾಲಿಕೆಯ ಆರೋಗ್ಯ ನಿರೀಕ್ಷಕರಿಗೆ ಅರ್ಜಿ ಕೊಡಬೇಕು.

ಮಾತೇ ಮೊದಲ ಮದ್ದು

ಮನೆ ಮಾರುವವರಿಗೆ ನೆರೆಯವರ ಸದ್ಭಾವನೆ ಉಳಿದವರಿಗಿಂತ ಹೆಚ್ಚು ಅಗತ್ಯ. ಕೊಳ್ಳುವವರು ನಿಮ್ಮ ಮನೆಯಿಂದ ಹೊರಬಿದ್ದು ನೇರವಾಗಿ ಹೋಗುವುದು ಪಕ್ಕದ ಮನೆಯ ಗೇಟಿಗೆ. ನೀರು ಸರಿಯಾಗಿ ಬರುತ್ತದೆಯೇ, ಕಾಂಪೌಂಡಿನ ತಕರಾರು ಇದೆಯೇ, ಮಾರುತ್ತಿರುವುದೇಕೆ ಎಂದು ಅಲ್ಲಿ ವಿಚಾರಿಸುತ್ತಾರೆ. ಹಿಂದಿನ ದಿನ ಜಗಳವಾಡಿದ ನೆರೆಯವರು ಏನು ಹೇಳಿಯಾರು ಎಂಬುದನ್ನು ಊಹಿಸಿಕೊಳ್ಳಿ. ಹಲವು ಬಾರಿ ಒಳ್ಳೆಯ ಖರೀದಿದಾರರು ದೊರೆಯುವುದೂ ನೆರೆಯವರ ಮೂಲಕವೇ. ಅವರ ಬಂಧುಗಳೋ ಸ್ನೇಹಿತರೋ ಅದೇ ಬೀದಿಯಲ್ಲಿ ಮನೆ ಹುಡುಕುತ್ತಿರಬಹುದು.

ಆದ್ದರಿಂದ ಮಾತಿನ ಹದ ಮುಖ್ಯ. ನಾಯಿ ಹೊಲಸು ಮಾಡಿದ ಗಳಿಗೆಯಲ್ಲಿ, ಬೀದಿಯ ಮಧ್ಯೆ ನಿಂತು, ನಾಲ್ಕು ಜನರ ಮುಂದೆ ಹೇಳಬೇಡಿ. ಸಂಜೆ ಬಿಡುವಿನ ಹೊತ್ತಿನಲ್ಲಿ ಮನೆಗೆ ಹೋಗಿ ಕುಳಿತು ಹೇಳಿ. ದೂರಿನ ರೂಪದಲ್ಲಿ ಹೇಳುವುದಕ್ಕಿಂತ ನೆರವು ಕೇಳುವ ರೂಪದಲ್ಲಿ ಹೇಳಿದರೆ ಕೆಲಸವಾಗುತ್ತದೆ: ‘ರಾಯರೇ, ಮನೆ ಮಾರಾಟಕ್ಕಿಟ್ಟಿರುವುದು ನಿಮಗೆ ಗೊತ್ತೇ ಇದೆ. ಶನಿವಾರ, ಭಾನುವಾರ ನೋಡುವವರು ಬರುತ್ತಿದ್ದಾರೆ. ಬೆಳಿಗ್ಗೆ ಗೇಟಿನ ಮುಂದೆ ನಾಯಿ ಗಲೀಜು ಮಾಡಿರುತ್ತದೆ. ಕರೆದುಕೊಂಡು ಬರುವ ಹುಡುಗನಿಗೆ ಒಂದು ಮಾತು ಹೇಳಿದರೆ ನಮಗೆ ದೊಡ್ಡ ಉಪಕಾರವಾಗುತ್ತದೆ.’ ಇಷ್ಟೇ ಸಾಕು. ‘ನಿಮ್ಮ ನಾಯಿಯಿಂದ ನಮ್ಮ ವ್ಯಾಪಾರ ಹಾಳಾಯಿತು’ ಎಂದು ಶುರುಮಾಡಿದರೆ ಉತ್ತರವೂ ಅದೇ ದಾಟಿಯಲ್ಲಿ ಬರುತ್ತದೆ.

ಕೋರಿಕೆ ನಿರ್ದಿಷ್ಟವಾಗಿರಲಿ. ನಾಯಿಯನ್ನು ಕಟ್ಟಿಹಾಕಿ ಎಂದರೆ ಯಾರೂ ಒಪ್ಪುವುದಿಲ್ಲ. ಆದರೆ ಎರಡು ತಿಂಗಳ ಮಟ್ಟಿಗೆ ನಡಿಗೆಯ ದಾರಿಯನ್ನು ಬಲಕ್ಕೆ ಬದಲಿಸಿ ಎಂದರೆ, ಅಥವಾ ಕೈಯಲ್ಲಿ ಹಳೆಯ ಪತ್ರಿಕೆ ಹಿಡಿದು ಹೊರಡಲು ಹುಡುಗನಿಗೆ ಹೇಳಿ ಎಂದರೆ ಒಪ್ಪುವುದು ಸುಲಭ. ಊಟ ಮಾಡಿದ ಸ್ವಲ್ಪ ಹೊತ್ತಿನಲ್ಲೇ ನಾಯಿಗೆ ಮಲವಿಸರ್ಜನೆಯ ಒತ್ತಡ ಬರುವುದು ಶರೀರಧರ್ಮ. ಊಟದ ಹೊತ್ತನ್ನೂ ನಡಿಗೆಯ ಹೊತ್ತನ್ನೂ ಹೊಂದಿಸಿಕೊಂಡರೆ ಅದು ಎಲ್ಲಿ ಕೂರಬೇಕೆಂಬುದನ್ನು ಮಾಲೀಕರು ಬಹುಮಟ್ಟಿಗೆ ತೀರ್ಮಾನಿಸಬಹುದು.

ಮಾತು ಕೇಳಿದವರಿಗೆ ಮರುವಾರ ಧನ್ಯವಾದ ಹೇಳುವುದನ್ನು ಮರೆಯಬೇಡಿ. ಎರಡು ಮೂರು ಸಲ ಹೇಳಿದರೂ ಫಲ ಕಾಣದಿದ್ದರೆ ಮಾತ್ರ ವಿನಯದಿಂದಲೇ ಒಂದು ಪತ್ರ ಬರೆದು ಕೊಟ್ಟು, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ನಾಯಿಯ ಜೊತೆ ನೆರೆಯವರ ವಿಡಿಯೊ ಮಾಡಿ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ಬೇಡ. ಅದರಿಂದ ಹೊಲಸು ನಿಲ್ಲುವುದಿಲ್ಲ. ಮೇಲಾಗಿ, ನಿಮ್ಮ ಬೀದಿಯಲ್ಲಿ ಜಗಳವಿದೆ ಎಂಬ ಜಾಹೀರಾತನ್ನು ನೀವೇ ಕೊಟ್ಟಂತಾಗುತ್ತದೆ.

ಸ್ವಚ್ಛತೆ: ಮಾಡಬೇಕಾದ್ದು, ಮಾಡಬಾರದ್ದು

ಮಾತುಕತೆ ಫಲ ಕೊಡುವವರೆಗೆ ಕಾಯಲು ಮಾರಾಟಕ್ಕೆ ಪುರುಸೊತ್ತಿಲ್ಲ. ತಪ್ಪು ಯಾರದೇ ಆಗಿರಲಿ, ಗೇಟಿನ ಮುಂದಿನ ಜಾಗವನ್ನು ನೀವೇ ಚೊಕ್ಕಟವಾಗಿಡಬೇಕಾಗುತ್ತದೆ. ಖರೀದಿದಾರರು ಬರುವ ಅರ್ಧ ಗಂಟೆ ಮೊದಲು ಗೇಟಿನಿಂದ ರಸ್ತೆಯವರೆಗೆ ಒಮ್ಮೆ ನಡೆದು ನೋಡುವುದು ರೂಢಿಯಾಗಲಿ.

ಮಲವನ್ನು ಪತ್ರಿಕೆ ಅಥವಾ ಚೀಲದಿಂದ ಎತ್ತಿ, ಕಾಗದದಲ್ಲಿದ್ದರೆ ಮಲವನ್ನಷ್ಟೇ ಶೌಚಾಲಯಕ್ಕೆ ಹಾಕಿ ನೀರು ಬಿಡಬಹುದು. ಇಲ್ಲವೇ ಚೆನ್ನಾಗಿ ಸುತ್ತಿ ಹಸಿಕಸದಲ್ಲಿ ಬೆರೆಸದೆ ಪ್ರತ್ಯೇಕವಾಗಿ ಕೊಡಬೇಕು. ತೆರೆದ ಚರಂಡಿಗೆ ತಳ್ಳಬಾರದು. ಗುಡಿಸಲು ಬರುವ ಪೌರಕಾರ್ಮಿಕರಿಗೆ ಬೆರಳು ತೋರಿಸಿ ಎತ್ತಿಸುವುದಂತೂ ಸಲ್ಲದು. ಬೀದಿ ಗುಡಿಸುವುದು ಅವರ ಉದ್ಯೋಗ, ಒಬ್ಬರ ಸಾಕುನಾಯಿಯ ಮಲ ಬಳಿಯುವುದಲ್ಲ.

ಎತ್ತಿದ ಮೇಲೆ ಜಾಗವನ್ನು ಸೋಪಿನ ನೀರಿನಿಂದ ಉಜ್ಜಿ ತೊಳೆಯಬೇಕು. ನಾಯಿಗಳು ವಾಸನೆಯ ಗುರುತು ಹಿಡಿದು ಅದೇ ಜಾಗಕ್ಕೆ ಮರಳುತ್ತವೆ. ಮೇಲಿಂದ ನೀರು ಚಿಮುಕಿಸಿದರೆ ನಮ್ಮ ಮೂಗಿಗೆ ವಾಸನೆ ಹೋಗಬಹುದು, ನಾಯಿಯ ಮೂಗಿಗೆ ಹೋಗುವುದಿಲ್ಲ. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ದೊರೆಯುವ ಕಿಣ್ವಯುಕ್ತ ದ್ರಾವಣಗಳು ಈ ವಾಸನೆಯನ್ನು ಒಡೆಯುತ್ತವೆ. ಬ್ಲೀಚಿಂಗ್ ಪುಡಿ ಬಳಸುವವರು ಎಚ್ಚರ ವಹಿಸಬೇಕು. ಅದನ್ನು ಅಮೋನಿಯಾ ಇರುವ ದ್ರಾವಣದೊಂದಿಗಾಗಲೀ, ಶೌಚಾಲಯ ತೊಳೆಯುವ ಆಮ್ಲದೊಂದಿಗಾಗಲೀ ಬೆರೆಸಿದರೆ ವಿಷಾನಿಲ ಹೊರಡುತ್ತದೆ.

ಬೆಂಗಳೂರು, ಮೈಸೂರುಗಳ ಅನೇಕ ಬೀದಿಗಳಲ್ಲಿ ನೀಲಿ ಅಥವಾ ಕೆಂಪು ಬಣ್ಣದ ನೀರು ತುಂಬಿದ ಬಾಟಲಿಗಳನ್ನು ಗೇಟಿನ ಪಕ್ಕ ಸಾಲಾಗಿ ಇಟ್ಟಿರುವುದನ್ನು ಓದುಗರು ನೋಡಿಯೇ ಇರುತ್ತೀರಿ. ಇದರಿಂದ ನಾಯಿ ಹೆದರುತ್ತದೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಮನೆ ಮಾರುವವರಿಗೆ ಇದರಿಂದ ನಷ್ಟವೂ ಉಂಟು. ‘ಇಲ್ಲಿ ನಾಯಿಯ ಕಾಟವಿದೆ’ ಎಂಬ ಫಲಕವನ್ನು ತಾವೇ ತೂಗುಹಾಕಿದಂತಾಗುತ್ತದೆ. ಅದರ ಬದಲು ಗೇಟಿನ ಎರಡೂ ಬದಿಗೆ ಭಾರವಾದ ಹೂಕುಂಡಗಳನ್ನಿಟ್ಟರೆ ನಾಯಿಗೆ ಕೂರುವ ಜಾಗವೂ ಕಡಿಮೆಯಾಗುತ್ತದೆ, ಮನೆಗೂ ಶೋಭೆ. ಅವು ಪಾದಚಾರಿಗಳ ದಾರಿಗೆ ಅಡ್ಡವಾಗದಂತೆ ನೋಡಿಕೊಳ್ಳಬೇಕು.

ನುಸಿಗುಳಿಗೆ, ಖಾರದ ಪುಡಿ, ವಿಷ ಬೆರೆಸಿದ ಆಹಾರ ಇವುಗಳ ಗೊಡವೆಗೆ ಹೋಗಲೇಬೇಡಿ. ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್ ನಾಯಿಗೂ ವಿಷ, ಮಕ್ಕಳಿಗೂ ವಿಷ. ಪ್ರಾಣಿಗೆ ವಿಷವಿಕ್ಕಿ ಅಥವಾ ಅಂಗ ಊನಗೊಳಿಸಿ ನಷ್ಟ ಉಂಟುಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಮೂಕಪ್ರಾಣಿಗೆ ತನ್ನ ಜಾಗ ಯಾವುದು, ನಿಮ್ಮ ಜಾಗ ಯಾವುದು ಎಂಬುದು ತಿಳಿಯದು. ತಿಳಿದಿರಬೇಕಾದವರು ಅದರ ಹಗ್ಗ ಹಿಡಿದವರು.

ಕಾನೂನು ಏನೆನ್ನುತ್ತದೆ?

ನಾಯಿಯ ಮಲವನ್ನು ಒಡೆಯರೇ ಎತ್ತಬೇಕೆಂಬ ಕಾನೂನಿಗೆ ಹೆಸರಾದದ್ದು ನ್ಯೂಯಾರ್ಕ್ ನಗರ. 1978ರ ಆಗಸ್ಟ್ 1ರಂದು ಅಲ್ಲಿ ಅದು ಜಾರಿಗೆ ಬಂದಿತು. ಆರಂಭದಲ್ಲಿ ವಿರೋಧ, ಲೇವಡಿ ಎರಡೂ ಇದ್ದವು. ಕ್ರಮೇಣ ಅದು ಅಲ್ಲಿನ ಸಾಮಾನ್ಯ ಸಭ್ಯತೆಯ ಭಾಗವಾಯಿತು.

ನಮ್ಮಲ್ಲಿ ಸ್ಥಿತಿ ಅಷ್ಟು ಸ್ಪಷ್ಟವಿಲ್ಲ. ಸಾರ್ವಜನಿಕ ಉಪದ್ರವವೆಂದರೇನು ಎಂಬುದನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಮು ಹೇಳುತ್ತದೆ. ಬೇರೆಡೆ ಶಿಕ್ಷೆ ಹೇಳಿರದ ಇಂಥ ಉಪದ್ರವಕ್ಕೆ 292ನೇ ಕಲಮಿನಡಿ ಒಂದು ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ಸಾರ್ವಜನಿಕ ಜಾಗದ ಉಪದ್ರವವನ್ನು ನಿವಾರಿಸುವಂತೆ ಆದೇಶಿಸುವ ಅಧಿಕಾರವನ್ನು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ನೀಡಿದೆ. ಘನತ್ಯಾಜ್ಯದ ಬಗ್ಗೆ ನಗರಾಡಳಿತ ಸಂಸ್ಥೆಗಳ ಉಪವಿಧಿಗಳೂ ಇವೆ. ಸಾಕುಪ್ರಾಣಿಗಳ ಬಗ್ಗೆ ನಿಮ್ಮ ಊರಿನ ಉಪವಿಧಿ ಏನು ಹೇಳುತ್ತದೆ ಎಂಬುದನ್ನು ಪಾಲಿಕೆ ಅಥವಾ ಪುರಸಭೆಯ ಆರೋಗ್ಯ ಶಾಖೆಯಲ್ಲಿ ವಿಚಾರಿಸಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬಹುದು.

ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಿವಾಸಿಗಳ ಸಂಘವು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಹೊಲಸು ಎತ್ತುವಂತೆ ಮಾಲೀಕರನ್ನು ಕೋರುವ ಸ್ವಾತಂತ್ರ್ಯ ಮಾತ್ರ ಸಂಘಕ್ಕೆ ಇದ್ದೇ ಇದೆ. ಆವರಣದ ಒಂದು ಮೂಲೆಯನ್ನು ನಾಯಿಗಳಿಗೆಂದು ಗೊತ್ತುಮಾಡಿ, ಅಲ್ಲಿ ಮರಳು, ಮುಚ್ಚಳವಿರುವ ಬುಟ್ಟಿ, ಕಾಗದ ಇಟ್ಟರೆ ತಕರಾರು ಬಹಳಷ್ಟು ಇಳಿಯುತ್ತದೆ.

ಸಿವಿಲ್ ನ್ಯಾಯಾಲಯದಲ್ಲಿ ಪ್ರತಿಬಂಧಕಾಜ್ಞೆ ಕೇಳುವ ಹಾದಿಯೂ ಉಂಟು. ಆದರೆ ಮನೆ ಮಾರುವವರು ಆ ಹಾದಿ ಹಿಡಿಯುವ ಮುನ್ನ ನೂರು ಸಲ ಯೋಚಿಸಬೇಕು. ದಾವೆ ಮುಗಿಯಲು ವರ್ಷಗಳು ಬೇಕು, ಮಾರಾಟ ಮುಗಿಯಬೇಕಾದ್ದು ತಿಂಗಳುಗಳಲ್ಲಿ. ಅಕ್ಕಪಕ್ಕದವರ ನಡುವೆ ದಾವೆಯಿದೆ ಎಂದು ತಿಳಿದ ಕೂಡಲೇ ಖರೀದಿದಾರರ ವಕೀಲರು ಹುಬ್ಬು ಗಂಟಿಕ್ಕುತ್ತಾರೆ, ಬ್ಯಾಂಕಿನವರು ಸಾಲಕ್ಕೆ ಮತ್ತೊಂದು ಪ್ರಶ್ನೆ ಕೇಳುತ್ತಾರೆ. ನಾಯಿಯ ಹೊಲಸನ್ನು ಹತ್ತು ನಿಮಿಷದಲ್ಲಿ ತೊಳೆಯಬಹುದು, ದಾವೆಯನ್ನು ತೊಳೆಯಲಾಗದು. ಮಾತುಕತೆಗೆ ಮೂರನೆಯವರು ಬೇಕೆನಿಸಿದರೆ ಬಡಾವಣೆಯ ಹಿರಿಯರನ್ನು ಕೇಳಿಕೊಳ್ಳಬಹುದು, ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ, ನ್ಯಾಯಾಲಯಕ್ಕೆ ಹೋಗುವ ಮುನ್ನವೇ ವ್ಯಾಜ್ಯವನ್ನು ಲೋಕ ಅದಾಲತ್‌ನಲ್ಲಿ ರಾಜಿಗೆ ಒಪ್ಪಿಸಲು ಅವಕಾಶವಿದೆ.

ಕೊಳ್ಳುವವರಿಗೆ ಹೇಳಬೇಕೇ?

ಇದು ಎಲ್ಲಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವರ ಕರ್ತವ್ಯಗಳನ್ನು ವಿಧಿಸುತ್ತದೆ. ಸ್ವತ್ತಿನಲ್ಲಾಗಲೀ ಹಕ್ಕುಪತ್ರದಲ್ಲಾಗಲೀ ತನಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ಅವರು ಕಂಡುಕೊಳ್ಳಲಾಗದ ಮಹತ್ವದ ದೋಷವನ್ನು ಮಾರುವವರು ತಿಳಿಸಲೇಬೇಕು. ಬಚ್ಚಿಟ್ಟರೆ ಅದು ವಂಚನೆ ಎನಿಸುತ್ತದೆ. ಪಕ್ಕದ ಮನೆಯಲ್ಲಿ ನಾಯಿ ಇರುವುದು ಯಾರಿಗಾದರೂ ಕಾಣುವ, ಕೇಳುವ ಸಂಗತಿ. ಅದನ್ನು ಸ್ವತ್ತಿನ ಗುಪ್ತದೋಷವೆಂದು ಹೇಳುವುದು ಕಷ್ಟ. ಆದರೆ ಅದೇ ವಿಷಯ ಬೆಳೆದು ಕಾಂಪೌಂಡಿನ ಗಡಿಯ ವ್ಯಾಜ್ಯವಾಗಿದ್ದರೆ, ನೋಟಿಸು, ದಾವೆ ನಡೆದಿದ್ದರೆ ಅದನ್ನು ಮುಚ್ಚಿಡಬಾರದು. ಇಂಥ ಸಂದರ್ಭದಲ್ಲಿ ಕರಾರುಪತ್ರಕ್ಕೆ ಸಹಿ ಮಾಡುವ ಮೊದಲೇ ವಕೀಲರ ಸಲಹೆ ಪಡೆಯಬೇಕು. ಇಂಗ್ಲೆಂಡಿನಲ್ಲಂತೂ ಮನೆ ಮಾರುವವರು ತುಂಬುವ ಮಾಹಿತಿ ನಮೂನೆಯಲ್ಲೇ ನೆರೆಹೊರೆಯವರೊಂದಿಗೆ ತಕರಾರು ಇದೆಯೇ ಎಂಬ ಪ್ರಶ್ನೆ ಇರುತ್ತದೆ.

ಕಾನೂನಿನ ಮಾತು ಹಾಗಿರಲಿ. ನೇರವಾಗಿ ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬೇಡಿ. ‘ಪಕ್ಕದ ಮನೆಯಲ್ಲಿ ನಾಯಿ ಇದೆ. ಗೇಟಿನ ಮುಂದೆ ಗಲೀಜಾಗುತ್ತಿತ್ತು, ಹೋಗಿ ಮಾತಾಡಿದೆವು, ಈಗ ದಾರಿ ಬದಲಿಸಿದ್ದಾರೆ, ಒಳ್ಳೆಯ ಜನ’ ಎಂದು ಹೇಳಿದರೆ ಕೊಳ್ಳುವವರು ಓಡಿಹೋಗುವುದಿಲ್ಲ. ಹೇಳಿದ್ದನ್ನು ಕೇಳುವ ನೆರೆಹೊರೆ ಇಲ್ಲಿದೆ ಎಂದು ಅವರಿಗೆ ಸಮಾಧಾನವಾಗುತ್ತದೆ. ಬಂದವರೇ ನಾಯಿ ಸಾಕುವವರಾಗಿದ್ದರೆ ಅದೇ ಮಾತು ಅನುಕೂಲಕ್ಕೂ ಬರಬಹುದು.

ಮುಂಗಡ ಪಡೆದು ಕರಾರು ಮಾಡಿಕೊಂಡ ಮೇಲೆ ಕೈಬಿಡುವಂತಿಲ್ಲ. ಕರಾರಿನ ದಿನದಿಂದ ಸ್ವಾಧೀನ ಕೊಡುವ ದಿನದವರೆಗೆ ಸ್ವತ್ತನ್ನು ವಿವೇಕಿಯಾದ ಮಾಲೀಕ ನೋಡಿಕೊಳ್ಳುವಂತೆ ನೋಡಿಕೊಳ್ಳಬೇಕೆಂದು ಅದೇ 55ನೇ ಕಲಮು ಹೇಳುತ್ತದೆ. ನೋಂದಣಿಯಾಗಿ ಬೀಗದ ಕೈ ಕೊಡುವ ದಿನವೂ ಅಂಗಳ ಚೊಕ್ಕಟವಾಗಿರಲಿ.

ನಾಯಿ ಸಾಕಿದವರಿಗೆ ಒಂದು ಮಾತು

ಈ ಲೇಖನವನ್ನು ಓದುತ್ತಿರುವವರಲ್ಲಿ ನಾಯಿ ಸಾಕಿದವರೂ ಇದ್ದೀರಿ. ನಿಮ್ಮ ನಾಯಿ ನಿಮ್ಮ ಮನೆಯ ಮಗು, ಸರಿ. ಮಗುವಿನ ಹೊಲಸನ್ನು ಪಕ್ಕದ ಮನೆಯವರು ಬಳಿಯಲಿ ಎಂದು ಯಾರೂ ಬಿಡುವುದಿಲ್ಲವಲ್ಲ. ಹಳೆಯ ಪತ್ರಿಕೆಯ ಒಂದು ಹಾಳೆಯನ್ನು ಕೈಯಲ್ಲಿ ಹಿಡಿದು ಹೊರಡುವುದಕ್ಕೆ ಖರ್ಚಿಲ್ಲ. ಮೂರು ತಿಂಗಳಿಗೊಮ್ಮೆ ಪಶುವೈದ್ಯರ ಸಲಹೆಯಂತೆ ಜಂತುನಿವಾರಕ ಹಾಕಿಸಿದರೆ ನಿಮ್ಮ ಮನೆಯ ಮಕ್ಕಳಿಗೂ ಬೀದಿಯ ಮಕ್ಕಳಿಗೂ ಕ್ಷೇಮ. ಇಂದು ಪಕ್ಕದವರು ಮನೆ ಮಾರುತ್ತಿದ್ದಾರೆ. ನಾಳೆ ನೀವು ಮಾರಬೇಕಾಗಬಹುದು. ಆಗ ಕೊಳ್ಳಲು ಬಂದವರು ವಿಚಾರಿಸುವುದು ಅದೇ ಪಕ್ಕದ ಮನೆಯಲ್ಲಿ.

ಆರಂಭದಲ್ಲಿ ಊಹಿಸಿಕೊಂಡ ಆ ನಿವೃತ್ತ ದಂಪತಿಗೆ ಮರಳೋಣ. ಅವರು ಮಾಡಬೇಕಾದ್ದು ಇಷ್ಟೇ: ನಾಲ್ಕು ದಿನ ಗಮನಿಸುವುದು, ಒಂದು ಸಂಜೆ ಪಕ್ಕದ ಮನೆಗೆ ಹೋಗಿ ಕಾಫಿ ಕುಡಿಯುತ್ತಾ ಮಾತಾಡುವುದು, ಬೆಳಿಗ್ಗೆ ಒಂದು ಬಕೆಟ್ ನೀರು ಮತ್ತು ಪೊರಕೆ ಹಿಡಿಯುವುದು, ಕೇಳಿದವರಿಗೆ ನಿಜ ಹೇಳುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿದ್ದು. ಮನೆ ಮಾರಿ ಹೋದ ಮೇಲೆ ಆ ಊರಿನಲ್ಲಿ ಅವರಿಗೆ ಉಳಿಯುವುದು ಗೋಡೆಯಲ್ಲ, ನೆಲವಲ್ಲ. ಎಂದಾದರೊಮ್ಮೆ ಬಂದಾಗ ‘ಬನ್ನಿ, ಒಳಗೆ ಬನ್ನಿ’ ಎಂದು ಕರೆಯುವ ಒಂದು ಮನೆ ಉಳಿಯುತ್ತದೆ. ಅದನ್ನು ಕಳೆದುಕೊಳ್ಳದೆ ಮನೆ ಮಾರಲು ಸಾಧ್ಯವಿದೆ.